ಬೂಟು ಬಿಚ್ಚಿ ಕೆಸರಿಗಿಳಿದವಳು

ಆ ಆಟದ ಕಾರ್ಯಕ್ರಮ ಟಿ.ವಿ.ಯಲ್ಲಿ ಮತ್ತೆ ಶುರುವಾಗ್ತದಂತೆ ಅನ್ನುವ ಸುದ್ದಿಯನ್ನು ನಮ್ಮ ಮಿಲ್ಲಿಗೆ ತಂದವಳು ರಾಗಿ ಬೀಸಿಸಲು ಬಂದಿದ್ದ ಹೂವಿನಂಗಡಿಯವಳು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು. ಬೆಳಿಗ್ಗೆ ನಮ್ಮ ಮನೆಯವರು ಕೂರುತ್ತಾರೆ, ಊಟವಾದ ಮೇಲೆ ನಾನು. ಮೆಷಿನ್ನಿನ ಸದ್ದಿಗೆ ಎಲ್ಲರೂ ಗಂಟಲು ಹರಿದುಕೊಂಡೇ ಮಾತಾಡಬೇಕು. ಹಾಗಾಗಿ ನಮ್ಮಲ್ಲಿ ಗುಟ್ಟು ಅಂತ ಏನೂ ಉಳಿಯುವುದಿಲ್ಲ.

"ಅದೇ ಮಾರಾಯ್ತಿ, ಗೋಡೆ ಹತ್ತೋದು, ನೀರಿಗೆ ಬೀಳೋದು! ನಿಂತು ಎಷ್ಟೋ ವರ್ಷ ಆಗಿತ್ತಲ್ಲ, ಅದು!" ಎಂದು ಅವಳು ಕೂಗಿದಳು.

ನನಗೆ ಖುಷಿಯೇನೂ ಆಗಲಿಲ್ಲ. ಹಿಂದೆ ಅದು ಬರುತ್ತಿದ್ದಾಗ ಭಾನುವಾರ ಸಂಜೆ ಅತ್ತೆಯಿಂದ ಹಿಡಿದು ಎಲ್ಲರೂ ಟಿ.ವಿ. ಮುಂದೆ. ದೀಪ ಹಚ್ಚುವವರು ಯಾರು, ಅನ್ನಕ್ಕೆ ಇಡುವವರು ಯಾರು? ನಾನು. ಹೋಗಲಿ, ಒಳ್ಳೆಯದೇನಾದರೂ ತೋರಿಸುತ್ತಾರಾ ಎಂದರೆ ಅದೂ ಇಲ್ಲ. ಒಬ್ಬ ಮನುಷ್ಯ ಜಾರಿ ಬೀಳುವುದನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ, ನಿಧಾನವಾಗಿ ಒಮ್ಮೆ ತೋರಿಸಿ, ಹಿನ್ನೆಲೆಯಲ್ಲಿ ಪೀಪಿ ಊದುತ್ತಿದ್ದರು. ಬಿದ್ದವನ ಸೊಂಟಕ್ಕೆ ಎಣ್ಣೆ ಹಚ್ಚಿದವರು ಯಾರು ಅಂತ ಒಂದು ದಿನವೂ ತೋರಿಸಲಿಲ್ಲ. ನಿಂತುಹೋದಾಗ ಪೀಡೆ ತೊಲಗಿತು ಅಂದುಕೊಂಡಿದ್ದೆ.

ಈ ಸಲ ಪೀಡೆ ನಮ್ಮ ಮನೆಗೇ ಬಂತು. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಆ ಕಾರ್ಯಕ್ರಮಕ್ಕೆ ಆಯ್ಕೆಯಾದಳು.

ಅವಳಿಗೂ ನನಗೂ ಅಷ್ಟಕ್ಕಷ್ಟೆ. ಮನೆ ಒಂದೇ, ಒಲೆ ಎರಡು, ನಡುವೆ ಒಂದು ಗೋಡೆ. ಬಚ್ಚಲು ಮಾತ್ರ ಜಂಟಿ. ಹಂಡೆಗೆ ಉರಿ ಹಾಕುವವಳು ನಾನು, ಬಿಸಿನೀರು ಖಾಲಿ ಮಾಡುವವಳು ಅವಳು. ಈ ಒಂದು ವಿಷಯದ ಮೇಲೆ ನಮ್ಮಿಬ್ಬರ ಜಗಳ ನಿಂತಿದೆ, ಉಳಿದದ್ದೆಲ್ಲ ಅದರ ಮೇಲೆ ಬೆಳೆದದ್ದು. ಅವಳು ನರಸಿಂಹರಾಜಪುರದ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರ್. ದಿನಾ ಬೆಳಿಗ್ಗೆ ಬಸ್ಸಿಗೆ ಓಡಬೇಕು, ಅದಕ್ಕೇ ಬಿಸಿನೀರಿನ ಅವಸರ. ಭಂಡಿಗಡಿ ಕಡೆಯ ಗದ್ದೆ ಬೇಸಾಯದವರ ಮನೆ ಮಗಳು. ಓಟದಲ್ಲಿ ಗಟ್ಟಿಗಿತ್ತಿ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಮಳೆಗಾಲದಲ್ಲಿ ಸುತ್ತಮುತ್ತ ಎಲ್ಲಿ ಕೆಸರುಗದ್ದೆ ಓಟ ಇಟ್ಟರೂ ಸ್ಟೀಲ್ ಪಾತ್ರೆ ಗೆದ್ದು ತರುತ್ತಿದ್ದಳು. ಅವುಗಳನ್ನು ನನಗೆ ಕಾಣುವ ಹಾಗೆ ಕಟ್ಟೆಯ ಮೇಲೆ ಒಣಗಿಸುತ್ತಿದ್ದಳು.

ಆದರೆ ಅವಳು ಟಿ.ವಿ.ಗೆ ಹೊರಟದ್ದು ಪಾತ್ರೆಗಲ್ಲ. ಶಾಲೆಯಲ್ಲಿ ಅವಳ ಕೆಲಸ ವರ್ಷ ವರ್ಷಕ್ಕೆ ಮಾತ್ರ. ಬೇಸಿಗೆ ರಜೆ ಬಂತೆಂದರೆ ಜೂನಿಗೆ ಕರೆಯುತ್ತಾರೋ ಇಲ್ಲವೋ ಅಂತ ಅನ್ನ ಸೇರುತ್ತಿರಲಿಲ್ಲ ಅವಳಿಗೆ. ಶಾಲೆಯ ಸೆಕ್ರೆಟರಿ ಹೇಳಿದ್ದನಂತೆ: "ನೀವು ಟಿ.ವಿ.ಯಲ್ಲಿ ನಮ್ಮ ಸ್ಕೂಲಿನ ಹೆಸರು ತನ್ನಿ ಮೇಡಂ, ಮುಂದಿನ ವರ್ಷ ನಿಮ್ಮನ್ನ ಪರ್ಮನೆಂಟ್ ಮಾಡುವ ಜವಾಬ್ದಾರಿ ನಂದು."

ಹೊರಡುವ ದಿನ ನನ್ನ ಹತ್ತಿರ ಹೇಳಿಹೋಗಲು ಬಂದಳು.

"ಬತ್ತೇನಕ್ಕ."

"ಹೋಗು. ಬೀಳುವುದಾದರೆ ಸೀರೆ ಉಟ್ಟುಕೊಂಡು ಬೀಳಬೇಡ."

"ನಾನು ಬೀಳೋಕೆ ಹೋಗ್ತಿಲ್ಲ" ಎಂದು ಮೂತಿ ತಿರುಗಿಸಿ ಹೋದಳು.

ಅದು ಟಿ.ವಿ.ಯಲ್ಲಿ ಬಂದ ಭಾನುವಾರ ಎರಡೂ ಒಲೆಯವರು ನಮ್ಮ ಹಾಲಿನಲ್ಲೇ ಸೇರಿದೆವು, ದೊಡ್ಡ ಟಿ.ವಿ. ನಮ್ಮದಾದ್ದರಿಂದ. ಶೂಟಿಂಗ್ ಮುಗಿಸಿ ಬಂದಾಗಿನಿಂದ ಅವಳು ಏನಾಯಿತೆಂದು ಬಾಯಿ ಬಿಟ್ಟಿರಲಿಲ್ಲ. ಹೇಳಬಾರದು ಅಂತ ಅವರೇ ಸಹಿ ಹಾಕಿಸಿಕೊಂಡಿದ್ದರಂತೆ. ಹೊಸ್ತಿಲ ಹತ್ತಿರ, ಯಾವಾಗ ಬೇಕಾದರೂ ಎದ್ದುಹೋಗುವವಳ ಹಾಗೆ ಕೂತಿದ್ದಳು.

ಮೊದಲು ಗೋಡೆ ಹತ್ತುವುದು, ಆಮೇಲೆ ಹಗ್ಗ ಹಿಡಿದು ದಾಟುವುದು, ಆಮೇಲೆ ಉದ್ದಕ್ಕೆ ಕೆಸರು, ಕೊನೆಗೆ ಬಾವುಟ. ಅವರೇ ಕೊಟ್ಟ ಹೆಲ್ಮೆಟ್ಟು, ಅವರೇ ಕೊಟ್ಟ ಬೂಟು. ಆರು ಹೆಂಗಸರಲ್ಲಿ ಇವಳೇ ವಯಸ್ಸಾದವಳು. ಗೋಡೆಯನ್ನು ಎರಡನೆಯವಳಾಗಿ ಹತ್ತಿದಳು, ಹಗ್ಗದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ನನ್ನ ಮೈದುನ ಕುರ್ಚಿಯ ತುದಿಗೆ ಬಂದಿದ್ದ. ಎಲ್ಲರಿಗಿಂತ ಮೊದಲು ಅವಳು ಕೆಸರಿನ ಅಂಚಿಗೆ ತಲುಪಿದಳು.

ಅಲ್ಲಿ ನಿಂತಳು. ಬಗ್ಗಿ, ಲೇಸು ಬಿಚ್ಚಿ, ಎರಡೂ ಬೂಟು ತೆಗೆದು ಅಂಚಿನಲ್ಲಿ ಜೊತೆಯಾಗಿ ಇಟ್ಟಳು. ಕೆಸರು ಮುಟ್ಟಿ ಹಣೆಗೆ ಒತ್ತಿಕೊಂಡಳು. ಆಮೇಲೆ ಇಳಿದಳು. ಅಷ್ಟರಲ್ಲಿ ಮೂರು ಜನ ಬೂಟಿನಲ್ಲೇ ಧುಮುಕಿ ಮುಂದೆ ಹೋಗಿದ್ದರು. ಇಳಿದ ಮೇಲೆ ಇವಳು ಓಡಿದ್ದನ್ನು ನೋಡಬೇಕಿತ್ತು. ಅವರ ಬೂಟುಗಳು ಕೆಸರಲ್ಲಿ ಹೂತು ಒಂದೊಂದು ಹೆಜ್ಜೆಗೂ ಕಿತ್ತುಕೊಳ್ಳಬೇಕು, ಇವಳು ಅಂಗಳದಲ್ಲಿ ಓಡಾಡಿದಂತೆ ಹೋದಳು. ಎರಡನೆಯವಳಾಗಿ ಬಾವುಟ ಹಿಡಿದಳು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಇಲ್ಲಿ ಒಂದು ಮಾತು ಹೇಳಬೇಕು: ಅವಳು ಬೂಟು ಬಿಚ್ಚಿದ್ದು ನಮ್ಮ ಹಾಲಿನಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲೇ ಇಲ್ಲ. ಗದ್ದೆಗೆ ಮೆಟ್ಟು ಹಾಕಿಕೊಂಡು ಯಾರು ಇಳಿಯುತ್ತಾರೆ? ನಮ್ಮ ಕಡೆ ಹಸುಗೂಸಿಗೂ ಅದನ್ನು ಹೇಳಿಕೊಡುವ ಅಗತ್ಯವಿಲ್ಲ. ತೀರಿಹೋದ ಅತ್ತೆ ಇದ್ದಿದ್ದರೆ, ಉಳಿದ ಐವರ ಬೂಟು ನೋಡಿ ಥೂ ಅನ್ನುತ್ತಿದ್ದರು.

ಆಮೇಲೆ ನಿರೂಪಕ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಅವಳು ಲೇಸು ಬಿಚ್ಚುವುದನ್ನು ನಿಧಾನವಾಗಿ ತೋರಿಸಿದರು, ಹಿಂದೆ ದೇವಸ್ಥಾನದ ಗಂಟೆಯ ಶಬ್ದ ಹಾಕಿ. "ಅಮ್ಮಾ, ಇದು ಗರ್ಭಗುಡಿ ಅಲ್ಲಮ್ಮಾ, ಗೇಮ್!" ಎಂದ. ಕೊಟ್ಟ ಬೂಟು ತೆಗೆಯುವುದು ನಿಯಮಕ್ಕೆ ವಿರುದ್ಧವಂತೆ. ಅವಳ ಎರಡನೇ ಸ್ಥಾನ ಹೋಯಿತು, ಅವಳನ್ನು ಆಟದಿಂದಲೇ ಹೊರಗೆ ಕಳಿಸಿದರು. ಹೋಗುವಾಗ ಅವಳು ಬೂಟನ್ನು ಕೈಯಲ್ಲಿ ಹಿಡಿದಿದ್ದಳು. ಅದಕ್ಕೂ ಗಂಟೆ ಬಾರಿಸಿದರು.

ಹೊಸ್ತಿಲ ಕಡೆ ನೋಡಿದೆ. ಅವಳು ಆಗಲೇ ಎದ್ದುಹೋಗಿದ್ದಳು.

ಮರುದಿನದಿಂದ ಮಿಲ್ಲಿನಲ್ಲಿ ಕೂರುವುದು ಹಿಂಸೆಯಾಯಿತು. ಎಲ್ಲರ ಮೊಬೈಲಿನಲ್ಲೂ ಆ ಗಂಟೆ. ಅಕ್ಕಿ ಹಿಟ್ಟು ಮಾಡಿಸಲು ಬಂದವನೊಬ್ಬ ಮಿಲ್ಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೆಷಿನ್ನಿಗೆ ಕೈಮುಗಿದು ಒಳಗೆ ಬಂದ. ಹಿಂದಿದ್ದವರು ಕಿಸಕ್ಕೆಂದರು.

"ಚಪ್ಪಲಿ ಹಾಕ್ಕೊಂಡೇ ಬನ್ನಿ. ನಿಮ್ಮ ಕಾಲು ನೋಡಿದ್ರೆ ಹಿಟ್ಟಿಗೆ ವಾಸನೆ ಬರ್ತದೆ" ಎಂದೆ.

"ಎಂತಕ್ಕ, ತಮಾಷೆಗೆ ಮಾಡಿದ್ದಪ್ಪ."

"ನಾನೂ ತಮಾಷೆಗೇ ಹೇಳಿದ್ದು. ನಗಿ."

ಅವನ ಅಕ್ಕಿಯನ್ನು ಎಲ್ಲರಿಗಿಂತ ಕೊನೆಗೆ ಹಾಕಿದೆ. ಅವನೂ ಗದ್ದೆಯವನೇ, ಇಲ್ಲೇ ಹತ್ತಿರದ ನಾರ್ವೆ ಅನ್ನುವ ಹಳ್ಳಿಯವನು. ಅವನೇ ಕೆಸರಿನ ಮುಂದೆ ನಿಂತಿದ್ದರೆ ಏನು ಮಾಡುತ್ತಿದ್ದ ಅಂತ ನನಗೆ ಗೊತ್ತು. ಟಿ.ವಿ.ಯವರು ನಕ್ಕದ್ದು ಒತ್ತಟ್ಟಿಗಿರಲಿ, ಅವರಿಗೆ ಗದ್ದೆಯ ಗುರುತಿಲ್ಲ. ಅವರು ನಕ್ಕ ಮೇಲೆ ತಾವೂ ನಗಬೇಕು ಅಂತ ಕಲಿತುಕೊಂಡ ನಮ್ಮವರನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ಮುಂದಿನ ಭಾನುವಾರ ನಮ್ಮ ಮನೆಯವರು ಏನೂ ಆಗದವರ ಹಾಗೆ ಅದೇ ಕಾರ್ಯಕ್ರಮ ಹಾಕಿದರು. ನಾನು ಹೋಗಿ ಮೈನ್ ಸ್ವಿಚ್ ತೆಗೆದೆ. ಕರೆಂಟ್ ಹೋಯಿತು ಅಂದುಕೊಂಡು ಪಾಪ, ಮೇಣದ ಬತ್ತಿ ಹುಡುಕಿದರು.

ಅವಳು ಶಾಲೆಗೆ ಹೋಗುವುದು ಬಿಡಲಿಲ್ಲ. ಸಾಲು ನಿಲ್ಲಿಸಿ ಸೀಟಿ ಊದಿದರೆ ಮಕ್ಕಳು ಬೂಟು ಬಿಚ್ಚಿ ಮುಂದಿಡುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅವಳಲ್ಲ, ಅದೇ ಬಸ್ಸಿನಲ್ಲಿ ಬರುವ ನರ್ಸು. ಓರಗಿತ್ತಿ ನನ್ನ ಹತ್ತಿರ ಏನನ್ನೂ ಹೇಳುತ್ತಿರಲಿಲ್ಲ. ಬಿಸಿನೀರು ಮಾತ್ರ ಮೊದಲಿನಂತೆಯೇ ಖಾಲಿ ಮಾಡುತ್ತಿದ್ದಳು.

ಪರೀಕ್ಷೆಗಳು ಮುಗಿದ ಸಮಯದಲ್ಲಿ ಸೆಕ್ರೆಟರಿಯೇ ಕಾರಿನಲ್ಲಿ ಮನೆಗೆ ಬಂದ. ಅವಳ ಕಡೆ ಹಾಲು ಒಡೆದಿತ್ತೆಂದು ಕಾಫಿ ನನ್ನ ಒಲೆಯಿಂದ ಹೋಯಿತು, ಅದರ ಹಿಂದೆ ನಾನೂ ಹೋದೆ. ಆತನ ಮುಖದಲ್ಲಿ ಲಾಟರಿ ಹೊಡೆದವನ ಕಳೆ.

"ಮೇಡಂ, ಅವರು ಫೋನ್ ಮಾಡಿದ್ರು! ಜನರನ್ನ ಜಾಸ್ತಿ ನಗಿಸಿದವರದ್ದೇ ಒಂದು ಸ್ಪೆಷಲ್ ಮಾಡ್ತಾರಂತೆ. ನೀವು ಬರ್ಲೇಬೇಕಂತೆ. ಸ್ಕೂಲಿನ ಹೆಸರಿರೋ ಟೀಶರ್ಟ್ ಹಾಕ್ಕೋಬಹುದಂತೆ."

ಮೈದುನ ಹೆಂಡತಿಯ ಮುಖ ನೋಡಿದ. "ಒಂದು ದಿನದ ಕೆಲಸ ಅಲ್ವನೇ. ಆಮೇಲೆ ಪರ್ಮನೆಂಟು" ಎಂದ.

ಅವಳು ಸೆಕ್ರೆಟರಿಯ ಕಡೆ ತಿರುಗಿ ಕೇಳಿದಳು. "ನನಗೆ ಮತ್ತೆ ಓಡೋಕೆ ಬಿಡ್ತಾರಾ ಸರ್? ಅದೇ ಕೆಸರಲ್ಲಿ, ಬರಿಗಾಲಲ್ಲಿ?"

"ಕೇಳಿದ್ರಾಯ್ತು ಬಿಡಿ" ಎಂದು ಆತ ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆ ಒಂದು ಹುಡುಗಿಯ ಧ್ವನಿ, ತುಂಬಾ ಸಿಹಿ.

"ಓಡೋದೆಲ್ಲ ಬೇಡ ಮೇಡಂ, ಸುಸ್ತಾಗುತ್ತೆ ನಿಮಗೆ. ಜಸ್ಟ್ ಆ ಆಕ್ಷನ್ ಸಾಕು. ಬೂಟು ಬಿಚ್ಚೋದು, ನಮಸ್ಕಾರ ಮಾಡೋದು. ನಾವು ಮ್ಯೂಸಿಕ್ ಹಾಕ್ತೀವಿ. ಆಮೇಲೆ ನಮ್ಮ ಆ್ಯಂಕರ್ ನಿಮ್ಮನ್ನ ಹಿಂದಿನಿಂದ ತಳ್ತಾರೆ. ಸಕತ್ ಫನ್ ಇರುತ್ತೆ!"

"ಅವನನ್ನ ನಮ್ಮ ಮಿಲ್ಲಿಗೆ ಕಳಿಸು ಮಾರಾಯ್ತಿ, ನಾನು ತಳ್ತೇನೆ" ಎಂದೆ ನಾನು ಬಾಗಿಲಿನಿಂದ.

"ಅತ್ತಿಗೆ, ನೀವು ಸುಮ್ನಿರಿ!" ಎಂದು ಮೈದುನ ಗದರಿದ.

"ಸುಮ್ನಿರೋಕೆ ನಾನೇನು ನಿನ್ನ ಹೆಂಡ್ತಿಯಾ?"

ಅವಳು ನನ್ನ ಕಡೆ ತಿರುಗಿದಳು. "ಅಕ್ಕ, ಇದು ನನ್ನ ವಿಷಯ. ನಾನು ಮಾತಾಡ್ತೇನೆ" ಎಂದಳು ಖಡಾಖಂಡಿತವಾಗಿ. ಆಮೇಲೆ ಫೋನಿಗೆ ಬಗ್ಗಿ, "ಓಡೋಕಿದ್ರೆ ಬರ್ತೇನೆ. ಇಲ್ಲಾಂದ್ರೆ ಬರೋದಿಲ್ಲ" ಎಂದಳು.

ಹುಡುಗಿ ನಕ್ಕಳು. ಓಡುವುದು ಕಾನ್ಸೆಪ್ಟಿನಲ್ಲಿ ಇಲ್ಲವಂತೆ. ಸೆಕ್ರೆಟರಿ ಫೋನಿಟ್ಟ. ಮುಖದ ಕಳೆ ಇಳಿದಿತ್ತು.

"ನೋಡಿ ಮೇಡಂ, ಸ್ಕೂಲಿಗೆ ಹೆಸರು ಅಂತೂ ಬಂದಾಗಿದೆ, ಅದು ಒಳ್ಳೇದೋ ಕೆಟ್ಟದೋ ಬೇರೆ ಪ್ರಶ್ನೆ. ನೀವು ಹೋಗಿ ನಕ್ಕು ಬಂದ್ರೆ ಎಲ್ಲ ಸರಿ ಹೋಗ್ತದೆ. ಇಲ್ದಿದ್ರೆ ಕಮಿಟಿಯವರ ಮುಂದೆ ನಾನು ಎಂತ ಹೇಳಲಿ? ಮಕ್ಕಳೇ ನಗ್ತಾರೆ ಅಂದ ಮೇಲೆ ಶಿಸ್ತು ಹೇಗೆ? ಜೂನಿನ ವಿಷಯ ಸ್ವಲ್ಪ ಯೋಚನೆ ಮಾಡಿ."

"ಯೋಚನೆ ಆಯ್ತು ಸರ್. ಕಾಫಿ ಕುಡೀರಿ, ಆರ್ತದೆ."

ಆತ ಕುಡಿಯದೆ ಎದ್ದ. ಚೆನ್ನಾಗಿ ಬಿದ್ದಿದ್ದ ಡಿಕಾಕ್ಷನ್, ಮೊದಲ ಸಲದ್ದು. ನಾನೇ ಕುಡಿದೆ.

ಜೂನಿನಲ್ಲಿ ಅವಳನ್ನು ಕರೆಯಲಿಲ್ಲ. ಆಟಕ್ಕೆ ಒಬ್ಬ ಹುಡುಗನನ್ನು ತೆಗೆದುಕೊಂಡರಂತೆ, ಜಿಮ್ಮಿನ ಮೈಕಟ್ಟಿನವನು. ಮೈದುನ ನನ್ನ ಹತ್ತಿರ ಮಾತು ಬಿಟ್ಟ. ನಾನು ಬಾಗಿಲಿನಲ್ಲಿ ನಿಂತು ಕೆಡಿಸಿದೆ ಅನ್ನುವುದು ಅವನ ಲೆಕ್ಕ. ನನಗೆ ಅವನ ಮಾತಿನಿಂದ ಆಗಬೇಕಾದ್ದೂ ಏನಿಲ್ಲ.

ಶಾಲೆ ಶುರುವಾದ ವಾರ ನಾವಿಬ್ಬರೂ ಒಟ್ಟಿಗೇ ಹಿತ್ತಿಲಿಗೆ ಬಟ್ಟೆ ಒಗೆಯಲು ಹೋದೆವು. ಕಲ್ಲು ಒಂದೇ. ಅವಳು ಒಗೆದು ಮುಗಿಸುವುದನ್ನೇ ಕಾಯುತ್ತಾ ನಿಂತು ನಿಂತು ನಾನೇ ಕೇಳಿದೆ.

"ಬೇರೆ ಶಾಲೆ ಇಲ್ವಾ ಲೋಕದಲ್ಲಿ?"

"ಶೃಂಗೇರಿ ಕಡೆ ಒಂದರಲ್ಲಿ ಕೇಳಿ ಬಂದೆ, ನಿನ್ನೆ."

"ಎಂತ ಅಂದ್ರು?"

"ಹೆಡ್‌ಮಿಸ್ಸು ನನ್ನ ಮುಖ ನೋಡಿ, ಟಿ.ವಿ.ಯಲ್ಲಿ ಬಂದವರು ನೀವಾ ಅಂತ ಕೇಳಿದ್ರು."

"ಅದಕ್ಕೆ ನೀನು?"

"ಹೌದು, ಎರಡನೇ ಬಂದವಳು ಅಂದೆ."

"ಅವರು ಎರಡನೇ ಅಂತ ಕೊಡಲಿಲ್ವಲ್ಲ."

ಅವಳು ಒಗೆಯುತ್ತಿದ್ದ ಬೆಡ್‌ಶೀಟನ್ನು ಕಲ್ಲಿಗೆ ಒಮ್ಮೆ ಬಡಿದಳು. ನೀರು ನನ್ನ ಸೀರೆಗೆ ಹಾರಿತು.

"ನೀವು ನೋಡಿದ್ರೋ ಇಲ್ವೋ, ಅಕ್ಕ?"

"ನೋಡಿದೆ."

"ಎಷ್ಟನೇ ಬಂದೆ?"

"ಎರಡನೇ" ಎಂದೆ. ಸುಳ್ಳು ಹೇಳಲಿಕ್ಕೆ ಆಗುವುದಿಲ್ಲವಲ್ಲ.

"ಮತ್ತೆ!" ಎಂದವಳು ಹಿಂಡಿದ ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಆ ಶಾಲೆಯಿಂದ ಇನ್ನೂ ಏನೂ ಹೇಳಿ ಕಳಿಸಿಲ್ಲ. ಕಲ್ಲಿನ ಮೇಲೆ ಅವಳು ಬಿಟ್ಟುಹೋದ ಸೋಪಿನ ನೊರೆಯನ್ನು ಬೈದುಕೊಳ್ಳುತ್ತಾ ನಾನೇ ತೊಳೆದೆ.