ಹನ್ನೊಂದು ವರ್ಷದ ಅಗಲಿಕೆಯನ್ನು ಟೈಪ್ ಮಾಡಿದವಳು

ಸ್ಟೇಷನರಿ ಅಂಗಡಿಯ ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕೂತು ಆಕೆ ಇಪ್ಪತ್ತೆರಡು ವರ್ಷ ಬೇರೆಯವರ ಬರಹ ಟೈಪ್ ಮಾಡಿದ್ದಳು. ಬೀದಿಗೆಲ್ಲ ಟೈಪಿಸ್ಟ್ ಅಕ್ಕ. ಅರ್ಜಿಯೋ ಕರಾರುಪತ್ರವೋ, ತಲೆ ಎತ್ತದೆ ಮುಗಿಸುವವಳು. ಮೇಡಂ ಕಾದಂಬರಿಯ ಕಟ್ಟು ತಂದರೆ ಮಾತ್ರ ಟೈಪ್ ಮಾಡುವುದನ್ನು ಬಿಟ್ಟು ಓದುತ್ತಾ ಕೂತುಬಿಡುತ್ತಿದ್ದಳು.

ಮೇಡಂ ನಿವೃತ್ತ ಟೀಚರ್. ಅವರು ಬರೆಯುವ ಕಾದಂಬರಿಗಳಲ್ಲಿ ಪ್ರೇಮಿಗಳು ನಾಲ್ಕನೇ ಅಧ್ಯಾಯದಲ್ಲಿ ಅಗಲಿದರೆ ಇಪ್ಪತ್ತನೆಯದರವರೆಗೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ.

"ಪಾಪ, ಇವರನ್ನ ಇನ್ನೂ ಎಷ್ಟು ಗೋಳು ಹುಯ್ಕೋತೀರಾ ಮೇಡಂ?"

"ಕಾಯಿಸಿದಷ್ಟೂ ಓದೋರಿಗೆ ಇಷ್ಟ ಕಣಮ್ಮ."

ಆ ಸಲದ ಕಾದಂಬರಿಯಲ್ಲಿ ಅಗಲಿಕೆ ಹನ್ನೊಂದು ವರ್ಷದ್ದು. ಕೊನೆಗೆ ಅವನು ಬರುತ್ತಾನೆ, ಅವಳು ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ, ಹನ್ನೊಂದು ವರ್ಷವೂ ಒಂದೇ ಗಳಿಗೆಯಲ್ಲಿ ಕರಗಿಹೋಗುತ್ತದೆ. ಆ ಸಾಲಿಗೆ ಬಂದವಳೇ ಅಕ್ಕ ಟೈಪ್‌ರೈಟರಿನಿಂದ ಕೈ ತೆಗೆದಳು.

"ಇದು ಹೀಗಾಗಲ್ಲ ಮೇಡಂ."

"ನಿನಗೆ ಹೇಗೆ ಗೊತ್ತು?"

ಅಕ್ಕ ಹೇಳಿದಳು. ಮದುವೆಯಾದ ಆರೇ ತಿಂಗಳಿಗೆ ಅವಳ ಗಂಡ ಹಡಗಿನ ಮೆಕ್ಯಾನಿಕ್ ಕೆಲಸಕ್ಕೆ ಹೋಗಿದ್ದ. ಒಂದು ವರ್ಷ ಅಂದದ್ದು ನಾಲ್ಕಾಯಿತು. ಮರಳಿ ಬಂದ ದಿನ ಓಡಿಹೋಗುವುದಿರಲಿ, ಆಕೆಗೆ ಏನು ಮಾತಾಡಬೇಕೆಂದೇ ತೋಚಲಿಲ್ಲ. ಅವನೋ, ತನ್ನ ಮನೆಯ ನೀರಿನ ಲೋಟ ತೆಗೆದುಕೊಳ್ಳಲೂ "ತಗೊಳ್ಲಾ?" ಎಂದು ಕೇಳುತ್ತಿದ್ದ. ಕಾದು ಕಾದು ಬತ್ತಿದ ಪ್ರೀತಿಗಿಂತ ಸಿಟ್ಟೇ ಹೆಚ್ಚಾಗಿತ್ತು ಅವಳಲ್ಲಿ.

"ಕಟ್ಕೊಂಡ ಗಂಡನ್ನ ನೆಂಟರ ಥರ ನೋಡ್ತೀಯಲ್ಲೇ!" ಎಂದು ಅತ್ತೆ ನಗುತ್ತಿದ್ದರು.

ಮೂರನೇ ವಾರ, ಒಂದು ಮಧ್ಯಾಹ್ನ ಗಾಳಿಗೆ ಕಿಟಕಿ ಬಡಿದುಕೊಂಡಿತು. ಮುಚ್ಚಲು ಇಬ್ಬರೂ ಒಟ್ಟಿಗೇ ಎದ್ದರು, ತಲೆಗೆ ತಲೆ ಢೀ ಎಂದಿತು. ಹಣೆ ಹಿಡಿದುಕೊಂಡು ಅವನು ನಕ್ಕ. ಆ ನಗು ಅವಳಿಗೆ ಗುರುತಿನದು. ಅವಳೂ ನಕ್ಕಳು, ಆಮೇಲೆ ಅತ್ತಳು. "ನಮ್ಮನೆಯವರು ನಿಜವಾಗಿ ವಾಪಸ್ ಬಂದಿದ್ದು ಅವತ್ತು, ಮೇಡಂ."

ಮೇಡಂ ಕಟ್ಟನ್ನು ವಾಪಸ್ ಬಗಲಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದರು. ತಪ್ಪಾಗಿ ಮಾತಾಡಿದೆನೇನೋ ಎಂದು ಅಕ್ಕ ವಾರವಿಡೀ ಕೊರಗಿದಳು. ಎಂಟನೇ ದಿನ ಅವರು ಹೊಸದೊಂದು ಅಧ್ಯಾಯದೊಂದಿಗೆ ಹಾಜರು. ಪ್ರೇಮಿಗಳು ಸೇರಿದ ಮೇಲೆ ಎದುರುಬದುರು ಕೂತು ಮಾತು ಹುಡುಕುವ ಅಧ್ಯಾಯ ಅದು. ಪ್ರಕಾಶಕರು ಬೇಡವೆಂದರು. ಮೇಡಂ ಜಗ್ಗಲಿಲ್ಲ.

ಪುಸ್ತಕ ಬಂತು. "ನಮ್ಮನೆಯವರು ಬಂದಾಗಲೂ ಥೇಟ್ ಹೀಗೇ ಆಗಿತ್ತು" ಎಂದು ಎಷ್ಟೋ ಹೆಂಗಸರು ಕಾಗದ ಬರೆದರು. ಮೇಡಂ ಅವನ್ನೆಲ್ಲ ತಂದು ಅಕ್ಕನ ಮೇಜಿನ ಮೇಲೆ ಸುರಿದರು. "ಓದು, ನಿನಗೇ ಬಂದಿರೋದು."

ಈಗ ಪಂಪ್ ರಿಪೇರಿ ಅಂಗಡಿ ಇಟ್ಟಿರುವ ಅವಳ ಗಂಡ ಕಾದಂಬರಿ ಮುಟ್ಟಿದವನೇ ಅಲ್ಲ. ಇದನ್ನು ಮಾತ್ರ ಭಾನುವಾರ ಪೂರ್ತಿ ಕೂತು ಓದಿದ. ಮುಗಿಸಿ, ಕನ್ನಡಕ ತೆಗೆದು, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದ:

"ಆ ನಾಲ್ಕು ವರ್ಷ ಸಂಜೆ ಹೊತ್ತು ಏನು ಮಾಡ್ತಿದ್ದೆ ನೀನು?"

ಅಕ್ಕ ಒಲೆ ಆರಿಸಿ ಬಂದು ಅವನ ಪಕ್ಕ ಕೂತಳು. ಹೇಳಲು ಬಹಳವಿತ್ತು.