ಏಳು ಗಂಟೆಯ ನಂತರದ ಓದು

ಶೈಲಶ್ರೀಗೆ ಇಪ್ಪತ್ತೆರಡು ವರ್ಷ. ಅವಳ ಅಪ್ಪ ಬಸವಲಿಂಗ ಗೋಕಾಕದ ಕಡೆಯಿಂದ ಪುಣೆಗೆ ಬಂದು ಧನಕವಡಿಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಮನೆ ಚಿಕ್ಕದು, ಟೀವಿಯ ಗದ್ದಲ ಬೇರೆ. ಹಾಗಾಗಿ ಪದವಿ ಮುಗಿದ ಮೇಲೆ ಅವಳು ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದದ್ದು ವಾರ್ಡಿನ ಸಾರ್ವಜನಿಕ ವಾಚನಾಲಯದಲ್ಲಿ.

ಕಳೆದ ವರ್ಷ ವಾಚನಾಲಯಗಳಿಗೆ ಹೊಸ ನಿಯಮ ಮಾಡುವ ಮುಂಚೆ ವಾರ್ಡ್ ಕಚೇರಿಯವರು ಅಲ್ಲಿ ಓದುವವರನ್ನೇ ಸಭೆಗೆ ಕರೆದರು. ಶೈಲಶ್ರೀಯೂ ಹೋದಳು. ಕರಡು ಆಗಲೇ ಸಿದ್ಧವಿತ್ತು. ಸುರಕ್ಷತೆಗಾಗಿ ಹುಡುಗಿಯರು ಸಂಜೆ ಏಳಕ್ಕೇ ಹೊರಡಬೇಕು. ಹುಡುಗರು ಒಂಬತ್ತರವರೆಗೆ ಕೂಡಬಹುದು. ಅಧಿಕಾರಿ ವರದಾ ಮೇಡಂ ಅಭಿಪ್ರಾಯ ಕೇಳಿದರು.

ಶೈಲಶ್ರೀ ಎದ್ದು ನಿಂತು ಮರಾಠಿಯಲ್ಲಿ ಹೇಳಿದಳು: “ಮೇಡಂ, ಒಳಗೆ ಕೂತರೆ ನಮಗೆ ಹೆದರಿಕೆ ಇಲ್ಲ. ಹೆದರಿಕೆ ಬಸ್ ಸ್ಟಾಪಿನವರೆಗಿನ ಕತ್ತಲೆ ದಾರಿಯದು. ದಾರಿಯನ್ನು ಹಾಗೇ ಬಿಟ್ಟು ಬಾಗಿಲು ಯಾಕೆ ಮುಚ್ಚುತ್ತೀರಿ?”

“ಏನಾದರೂ ಆದರೆ ಎಲ್ಲರೂ ಕೇಳುವುದು ನಮ್ಮನ್ನೇ” ಎಂದರು ವರದಾ. ಆದರೂ ಮರುದಿನ ಸಂಜೆ ಅವಳ ಜೊತೆ ಆ ದಾರಿಯಲ್ಲಿ ನಡೆದು ನೋಡಿದರು. ಕೆಲವು ವಾರಗಳಲ್ಲಿ ಅಲ್ಲಿ ದೀಪಗಳು ಬಂದವು. ಏಳರ ನಿಯಮವೂ ಕರಡಿನಿಂದ ಹೋಯಿತು.

ಶೈಲಶ್ರೀ ಹಿಗ್ಗಿದಳು. ಆದರೆ ಏಳಾಯಿತೆಂದರೆ ಹುಡುಗಿಯರ ಕುರ್ಚಿಗಳು ಮೊದಲಿನ ಹಾಗೆಯೇ ಖಾಲಿಯಾಗುತ್ತಿದ್ದವು. ಗೆಳತಿ ಸ್ನೇಹಲ್ ಚೀಲ ಏರಿಸಿಕೊಳ್ಳುತ್ತಾ, “ಕಚೇರಿಯವ್ರು ಇರು ಅಂದ್ರು. ಮನ್ಯಾಗ ಯಾರು ಅಂತಾರ?” ಎಂದಳು.

ಈ ಮಾತು ಶೈಲಶ್ರೀಯನ್ನು ಕೊರೆಯಿತು. ಮನೆಯವರನ್ನು, ಅಂದರೆ ಅರ್ಧ ಜನರನ್ನು, ಸಭೆಗೆ ಕರೆದೇ ಇರಲಿಲ್ಲ ಅನ್ನಿಸಿತು. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು:

“ಅಪ್ಪಾ, ಮುಂದಿನ ಮೀಟಿಂಗಿಗೆ ನೀನೂ ಬಾ.”

“ನಾ ಬಂದು ಏನ್ ಹೇಳ್ಲಿ? ನೀ ಲಗೂನ ಮನಿಗೆ ಬಂದ್ರನ ನನಗ ಸಮಾಧಾನ.”

“ಅದನ್ನ ಅಲ್ಲಿ ಹೇಳು. ಮನ್ಯಾಗಷ್ಟ ಹೇಳಿದ್ರ ಅವರಿಗೆ ಹೆಂಗ್ ಗೊತ್ತಾಗಬೇಕು?”

ಬಸವಲಿಂಗ ಬಂದರು. ಮಗಳು ಬರುವ ತನಕ ಅಂಗಡಿಯಲ್ಲಿ ತಮಗೆ ಕೆಲಸ ಸಾಗುವುದಿಲ್ಲವೆಂದು ತಡವರಿಸುತ್ತಾ ಹೇಳಿದರು. ಯಾರೂ ನಗಲಿಲ್ಲ. ಮುಚ್ಚುವ ಹೊತ್ತಿಗೆ ಕಾವಲುಗಾರ ಹುಡುಗಿಯರನ್ನು ಬಸ್ ಹತ್ತಿಸಿ ಬರಬೇಕು, ವಾಚನಾಲಯದ ಸಮಿತಿಯಲ್ಲಿ ಓದುವವರ ಜೊತೆ ಪಾಲಕರೂ ಇರಬೇಕು ಎಂದು ಆ ದಿನ ತೀರ್ಮಾನವಾಯಿತು.

ಆ ವರ್ಷ ಶೈಲಶ್ರೀ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಸಮಿತಿಯನ್ನು ಮಾತ್ರ ಬಿಡಲಿಲ್ಲ. ಒಂದು ಭಾನುವಾರ ಬಸವಲಿಂಗರೇ ಸ್ನೇಹಲ್ ಮನೆಗೆ ಹೋಗಿ, ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಅವಳೂ ಏಳರ ನಂತರ ಕೂತು ಓದಲಿ ಎಂದು ಅವಳ ತಂದೆಯ ಮುಂದೆ ವಿಷಯ ತೆಗೆದರು. ಅವರು ವಾರಕ್ಕೆ ಎರಡು ದಿನ ಮಾತ್ರ ಎಂದು ಒಪ್ಪಿದರು.