ಮಚ್ಚು ಹಿಡಿದು ರಾಜಿಗೆ ಹೋದವನು

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕಾಯಿ ಕೆತ್ತುವ ಕೆಂಪಸಿದ್ದಯ್ಯ ಬಯ್ಯುವುದನ್ನು ನಿಲ್ಲಿಸಿದಾಗ ನಮಗೆ ಯಾರಿಗೂ ಖುಷಿಯಾಗಲಿಲ್ಲ, ಭಯವಾಯಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ಹಾರನ್ ಹೊಡೆದ ಎಂಬ ಕಾರಣಕ್ಕೆ ಒಬ್ಬನ ಲಾರಿ ಗಾಜನ್ನೇ ಪುಡಿ ಮಾಡಿದ್ದವನು. ಅಂಥವನು ಭಾರತೀನಗರದ ಪ್ರಾರ್ಥನಾ ಮನೆಗೆ ಹೋಗತೊಡಗಿದ ಮೇಲೆ, ಸಿಟ್ಟು ಬಂದರೆ ಮಚ್ಚು ಕೆಳಗಿಟ್ಟು, ನಲ್ಲಿಯಲ್ಲಿ ಮುಖ ತೊಳೆದು, ಯೇಸಪ್ಪನನ್ನು ನೆನೆದು ಬರುತ್ತಿದ್ದ. ಪಕ್ಕದಲ್ಲೇ ಟೀ ಕಾಯಿಸುವ ನಾನು ದಿನಾ ನೋಡುತ್ತಿದ್ದೆ. ಒಳಗೊಳಗೇ ಏನೋ ಮಸೆಯುತ್ತಿದ್ದಾನೆ ಎಂದೇ ನನ್ನ ಲೆಕ್ಕ.

ಅವನ ಹೆಂಡತಿ ಅಂಕಮ್ಮನಿಗೆ ನನಗಿಂತ ಹೆಚ್ಚು ಅನುಮಾನ. ಅವನ ಸಿಟ್ಟಿಗೆ ಬೇಸತ್ತು ತವರು ಸೇರಿದ್ದವಳು ಪಾಸ್ಟರ್ ಮಾತಿಗೆ ವಾಪಸು ಬಂದಿದ್ದಳು. ಬಟ್ಟೆಯ ಬ್ಯಾಗನ್ನು ಮಾತ್ರ ಬಿಚ್ಚಿರಲಿಲ್ಲ. "ಇನ್ನೊಂದ್ಸಲ ಯಾರ್ ಮ್ಯಾಲಾದ್ರೂ ಕೈ ಮಾಡು, ನಾನಿಲ್ಲಿರಕಿಲ್ಲ" ಎಂದಿದ್ದಳು.

ಹೋದ ತಿಂಗಳು ಜೊತೆ ಕೆಲಸದ ಮುದ್ದಯ್ಯ, "ಪಾದ್ರಿಗಳೇ, ವಸಿ ಬಿರ್‍ನೆ ಕೆತ್ತಿ" ಎಂದು ಕಿಚಾಯಿಸಿದ. ಕೆಂಪಸಿದ್ದಯ್ಯ ಬಾಯಿಗೆ ಬಂದಂತೆ ಬೈದ; ಮುದ್ದಯ್ಯನ ಸತ್ತ ತಾಯಿಯನ್ನೂ ಬಿಡಲಿಲ್ಲ. ಆಮೇಲೆ ಮುಖ ತೊಳೆಯಲೂ ಏಳದೆ ಕಾಯಿ ಕೆತ್ತಿದ. ಮುದ್ದಯ್ಯ ಕೆಲಸ ಮುಗಿಸಿ ನಿಡಘಟ್ಟದ ತನ್ನ ಮನೆಗೆ ಹೋದ. ಬಿಸಿಲು ಇಳಿಯುವುದನ್ನು ನೋಡಿದ ಕೆಂಪಸಿದ್ದಯ್ಯ, ಮಚ್ಚು ಹಿಡಿದುಕೊಂಡೇ ಬೈಕ್ ಹತ್ತಿ ಅವನ ಹಿಂದೆಯೇ ಹೊರಟ. ನಾನು ಮುದ್ದಯ್ಯನಿಗೆ ಫೋನ್ ಮಾಡಿದೆ. "ಬಾಗ್ಲಾಕ್ಕಳ್ಲಾ, ಅವ್ನು ಮಚ್ಚಿಡ್ಕಂಡು ಬತ್ತಾವ್ನೆ." ಅಂಕಮ್ಮನಿಗೂ ತಿಳಿಸಿದೆ.

ಮುಂದಿನದನ್ನು ಮುದ್ದಯ್ಯನೇ ನನಗೆ ಹೇಳಿದ. ಕೆಂಪಸಿದ್ದಯ್ಯ ಹೊರಗೆ ನಿಂತು ಕೂಗಿದನಂತೆ: "ಮುದ್ದಣ್ಣ, ನಿಮ್ಮವ್ವನ್ನ ಬೈದಿದ್ದು ತಪ್ಪಾಯ್ತು. ಒತ್ತು ಮುಳುಗೋದ್ರೊಳ್ಗೆ ಸಿಟ್ಟು ಬುಟ್ಬುಡ್ಬೇಕು ಅಂತಾರೆ ಪಾಸ್ಟ್ರು. ಬಾಗ್ಲು ತಗಿ."

"ಅದ್ಕೆ ಮಚ್ಯಾಕ್ಲಾ ತಂದೆ?"

ಕೆಂಪಸಿದ್ದಯ್ಯ ಕೈ ನೋಡಿಕೊಂಡು ತಾನೇ ಬೆಚ್ಚಿದ. ಕಿಟಕಿಯ ಸರಳುಗಳ ಸಂದಿಯಲ್ಲಿ ಹಿಡಿ ಮುಂದೆ ಮಾಡಿ ಮಚ್ಚನ್ನು ಒಳಕ್ಕೆ ಕೊಟ್ಟ. ಮುದ್ದಯ್ಯ ಕಿತ್ತುಕೊಂಡ, ಚಿಲಕ ಮಾತ್ರ ತೆಗೆಯಲಿಲ್ಲ.

ಕೆಂಪಸಿದ್ದಯ್ಯ ಮನೆಗೆ ವಾಪಸು ಬಂದಾಗ ಅಂಕಮ್ಮ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದಳಂತೆ. ಗಂಡನ ಬರಿಗೈ ನೋಡಿದಳು.

"ಮಚ್ಚೆಲ್ಲಿ?"

"ಮುದ್ದಯ್ಯನ್ ತಾವ."

ಕಡಿದೇ ಬಂದಿದ್ದಾನೆ ಎಂದುಕೊಂಡಳು. ತಕ್ಷಣ ಮುದ್ದಯ್ಯನಿಗೆ ಫೋನ್ ಮಾಡಿದಳು. ಎತ್ತಿದವನು ಅವನೇ.

"ಅವ್ನಾಗೇ ಕೊಟ್ಟೋದ ಕಣಮ್ಮ. ಏನ್ ಮಸಲತ್ತೋ ನಂಗೊತ್ತಿಲ್ಲ" ಎಂದ.

ಅಂಕಮ್ಮ ಬ್ಯಾಗು ಕೆಳಗಿಟ್ಟಳು. "ನಂಗೂ ಗೊತ್ತಿಲ್ಲ ಕಣಣ್ಣ. ಬೆಳಗ್ಗೆ ಕೆಲ್ಸುಕ್ಕೆ ಕೊಡಿ, ಸಂಜೆಗೆ ಇಸ್ಕಳಿ."

ಈಗ ದಿನಾ ಹಾಗೇ ನಡೆಯುತ್ತಿದೆ. ಮುದ್ದಯ್ಯ ಬೆಳಗ್ಗೆ ಮಚ್ಚು ಕೊಡುತ್ತಾನೆ, ಹೊತ್ತು ಮುಳುಗುವ ಮುಂಚೆ ಕೆಂಪಸಿದ್ದಯ್ಯ ತಾನಾಗಿಯೇ ಒಪ್ಪಿಸುತ್ತಾನೆ. ಅಂಕಮ್ಮ ಬ್ಯಾಗು ಬಿಚ್ಚಿದ್ದಾಳಂತೆ. ಬಟ್ಟೆಯಲ್ಲಿ ಅರ್ಧ ಮಾತ್ರ ಹೊರಗೆ ತೆಗೆದಿದ್ದಾಳೆ.